ಒಂದು ನಿಲ್ದಾಣ, ಮೂರು ಹೆಸರು: ಇಲಾಖೆಗಳು ಸೇರಿ ಡೇಟಾ ಹಂಚಿಕೊಳ್ಳುವುದು ಹೇಗೆ?

ಹುಬ್ಬಳ್ಳಿಯಲ್ಲಿ ವಯಸ್ಸಾದವರು ಆಟೋ ಹತ್ತಿ "ಕೆಎಂಸಿ ಹತ್ರ ಬಿಡಪಾ" ಅನ್ನುತ್ತಾರೆ. ಅವರ ಮಕ್ಕಳು ಅದೇ ಜಾಗಕ್ಕೆ "ಕಿಮ್ಸ್" ಅನ್ನುತ್ತಾರೆ. ಈಗ ಆಸ್ಪತ್ರೆಯ ಹೆಸರು ಮತ್ತೆ ಬದಲಾಗಿ ಕೆಎಂಸಿಆರ್‌ಐ ಆಗಿದೆ. ಆಟೋದವರಿಗೆ ಮೂರೂ ಗೊತ್ತು, ತೊಂದರೆ ಇಲ್ಲ. ಕಂಪ್ಯೂಟರಿಗೆ ಗೊತ್ತಿಲ್ಲ. ಮೂರು ಕಚೇರಿಯವರು ಮೂರು ಹೆಸರು ಬರೆದಿಟ್ಟರೆ ಅದರ ಪಾಲಿಗೆ ಅವು ಮೂರು ಬೇರೆ ಬೇರೆ ಜಾಗ.

ಸರ್ಕಾರಿ ಡೇಟಾ ಜನರಿಗೆ ಸಿಗಬೇಕು ಅನ್ನುವ ಮಾತು ಬಂದಾಗಲೆಲ್ಲ ಪೋರ್ಟಲ್, ಆಪ್, ಡ್ಯಾಶ್‌ಬೋರ್ಡ್ ಅಂತ ಶುರುವಾಗುತ್ತದೆ. ಅದು ಕೊನೆಯ ಕೆಲಸ, ಅದೂ ಸುಲಭದ್ದು. ಕಷ್ಟದ ಕೆಲಸ ಮೊದಲು ಬರುತ್ತದೆ: ನಾಲ್ಕು ಕಚೇರಿಯವರು ಒಂದು ಮೇಜಿನ ಸುತ್ತ ಕೂತು, ಒಂದು ಜಾಗಕ್ಕೆ ಒಂದೇ ಗುರುತು ಅಂತ ಒಪ್ಪಿಕೊಳ್ಳಬೇಕು. ನಾನು ಕೆಲವು ವರ್ಷ ಬೇರೆ ಬೇರೆ ಕಚೇರಿಗಳ ಎಕ್ಸೆಲ್ ಹಾಳೆಗಳನ್ನು ಒಟ್ಟುಗೂಡಿಸುವ ಕೆಲಸ ಮಾಡಿದ್ದೇನೆ. ಅಲ್ಲಿ ತಲೆ ಕೆಟ್ಟಿದ್ದೆಲ್ಲ ಇದೇ ವಿಷಯಕ್ಕೆ.

ಈ ಮಾರ್ಗದರ್ಶಿ ಪಾಲಿಕೆ, ಪಂಚಾಯಿತಿ, ಸಾರಿಗೆ, ಕಂದಾಯ ಕಚೇರಿಗಳಲ್ಲಿ ಡೇಟಾ ಕೈಯಲ್ಲಿ ಹಿಡಿದು ಕೂತವರಿಗೆ, ಮತ್ತು ಅವರ ಬೆನ್ನು ಹತ್ತುವ ನಾಗರಿಕರಿಗೆ. ಉದಾಹರಣೆಗೆ ಹುಬ್ಬಳ್ಳಿ-ಧಾರವಾಡದ ಬಸ್ ನಿಲ್ದಾಣಗಳನ್ನು ತೆಗೆದುಕೊಂಡಿದ್ದೇನೆ. ಗದಗ, ಹಾವೇರಿಯವರು ತಮ್ಮ ಕೆರೆಯನ್ನೋ ಅಂಗನವಾಡಿಯನ್ನೋ ಆ ಜಾಗದಲ್ಲಿಟ್ಟು ಓದಿಕೊಳ್ಳಬಹುದು.

ಹಂತ 1: ಒಂದೇ ಒಂದು ಪಟ್ಟಿ ಆರಿಸಿಕೊಳ್ಳಿ

"ನಗರದ ಎಲ್ಲ ಡೇಟಾ" ಅಂತ ಹೊರಟರೆ ಮೊದಲ ಸಭೆಯಲ್ಲೇ ಕೆಲಸ ಮುಗಿಯುತ್ತದೆ, ಅಂದರೆ ಸಾಯುತ್ತದೆ. ಆರಿಸುವ ಪಟ್ಟಿಗೆ ಎರಡು ಗುಣ ಇರಲಿ. ಕನಿಷ್ಠ ಮೂರು ಕಚೇರಿಗೆ ಅದು ದಿನಾ ಬೇಕಾಗಿರಬೇಕು. ಅದನ್ನು ಹೊರಗೆ ಕೊಟ್ಟರೆ ಯಾರಿಗೂ ಭಯ ಆಗಬಾರದು.

ಬಸ್ ನಿಲ್ದಾಣ ಎರಡಕ್ಕೂ ಸರಿಹೊಂದುತ್ತದೆ. ತೆರಿಗೆ ಬಾಕಿ ಪಟ್ಟಿ, ಟೆಂಡರ್ ಪಟ್ಟಿ ಸಹ ಮುಖ್ಯವೇ. ಆದರೆ ಅದರಿಂದ ಶುರು ಮಾಡಿದರೆ ಎಲ್ಲರೂ ಕೈ ಹಿಂದೆ ಎಳೆದುಕೊಳ್ಳುತ್ತಾರೆ. ಮೊದಲು ರೂಢಿ ಆಗಲಿ.

ಹಂತ 2: ಯಾರ ಹತ್ತಿರ ಏನಿದೆ ಅಂತ ಬರೆಯಿರಿ

ಒಂದು ಹಾಳೆ ಸಾಕು. ನಮ್ಮ ಉದಾಹರಣೆಯಲ್ಲಿ ಬಸ್ ಓಡಿಸುವವರು ಗೋಕುಲ ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯವರು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಸುಮಾರು 22 ಕಿಲೋಮೀಟರ್ ಹಾದಿಯಲ್ಲಿ ರಸ್ತೆ ಮಧ್ಯದ ನಿಲ್ದಾಣಗಳು ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ಪಥದ ತ್ವರಿತ ಬಸ್ ಸೇವೆ) ಕಂಪನಿಗೆ ಸೇರಿದ್ದು. ಉಳಿದ ಕಡೆ ತಂಗುದಾಣ, ಫುಟ್‌ಪಾತು, ಬೀದಿದೀಪ ಪಾಲಿಕೆಯ ಲೆಕ್ಕ. ಬಸ್ಸು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಅನ್ನುವುದರಲ್ಲಿ ಸಂಚಾರ ಪೊಲೀಸರ ಮಾತು ನಡೆಯುತ್ತದೆ.

ಪ್ರತಿ ಕಚೇರಿಯ ಮುಂದೆ ಎರಡು ಸಾಲು ಬರೆಯಿರಿ: ಇವರ ಹತ್ತಿರ ಏನಿದೆ, ಇವರಿಗೆ ಏನು ಬೇಕು. ಎರಡನೇ ಸಾಲು ಬಹಳ ಜನ ಬರೆಯುವುದಿಲ್ಲ. ಸುಮ್ನೆ "ಡೇಟಾ ಕೊಡಿ" ಅಂದರೆ ಯಾರು ಕೊಡುತ್ತಾರೆ? ಪಾಲಿಕೆಗೆ ಯಾವ ನಿಲ್ದಾಣದಲ್ಲಿ ಎಷ್ಟು ಬಸ್ ನಿಲ್ಲುತ್ತವೆ ಅಂತ ಗೊತ್ತಾದರೆ ತಂಗುದಾಣ ಎಲ್ಲಿ ಕಟ್ಟಬೇಕು ಅಂತ ಗೊತ್ತಾಗುತ್ತದೆ. ಸಾರಿಗೆಯವರಿಗೆ ಯಾವ ರಸ್ತೆ ಯಾವಾಗ ಅಗೆಯುತ್ತಾರೆ ಅನ್ನುವುದು ಮೊದಲೇ ತಿಳಿದರೆ ಬಸ್ ದಾರಿ ಬದಲಿಸಬಹುದು. ಕೊಡುವುದು, ತಗೊಳ್ಳುವುದು ಎರಡೂ ಕಾಣಬೇಕು.

ಹಂತ 3: ಪತ್ರ ಬರೆಯಿರಿ, ಕಾನೂನು ಪಕ್ಕದಲ್ಲಿರಲಿ

ಬಾಯಿಮಾತಿನಲ್ಲಿ ಒಪ್ಪಿದ್ದು ಅಧಿಕಾರಿಯ ವರ್ಗಾವಣೆ ಜೊತೆಗೇ ಹೋಗುತ್ತದೆ. ಹಾಗಾಗಿ ಪತ್ರ ಬೇಕು. ಎಲ್ಲ ಇಲಾಖೆಯವರನ್ನು ಒಟ್ಟಿಗೆ ಕರೆಯುವ ಶಕ್ತಿ ಜಿಲ್ಲಾಧಿಕಾರಿ ಕಚೇರಿಗೆ ಇದೆ. ಪತ್ರ ಅಲ್ಲಿಂದ ಹೊರಟರೆ ಒಳ್ಳೆಯದು. ಹೀಗೆ ಬರೆಯಬಹುದು:

"ವಿಷಯ: ಹುಬ್ಬಳ್ಳಿ-ಧಾರವಾಡ ನಗರದ ಬಸ್ ನಿಲ್ದಾಣಗಳ ಏಕೀಕೃತ ಪಟ್ಟಿ ತಯಾರಿಸಿ ಸಾರ್ವಜನಿಕರಿಗೆ ಒದಗಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಕಚೇರಿಯಲ್ಲಿರುವ ನಿಲ್ದಾಣಗಳ ಪಟ್ಟಿಯನ್ನು ಈಗಿರುವ ರೂಪದಲ್ಲೇ, ಎಕ್ಸೆಲ್ ಕಡತವಾಗಿ, 15 ದಿನದೊಳಗೆ ಕಳುಹಿಸಿಕೊಡಲು ಹಾಗೂ ಸದರಿ ಪಟ್ಟಿಯ ಬಗ್ಗೆ ಮಾಹಿತಿ ಇರುವ ಒಬ್ಬ ಸಿಬ್ಬಂದಿಯನ್ನು ಈ ಕಾರ್ಯಕ್ಕೆ ನಿಯೋಜಿಸಲು ಕೋರಲಾಗಿದೆ."

ಇದರಲ್ಲಿ "ಈಗಿರುವ ರೂಪದಲ್ಲೇ" ಅನ್ನುವುದು ಬಿಟ್ಟುಹೋಗದಿರಲಿ. ಬಿಟ್ಟರೆ ಅವರು ಪಟ್ಟಿಯನ್ನು ಚೆಂದ ಮಾಡಿ ಕಳಿಸುತ್ತೇವೆ ಅಂತ ಮೂರು ತಿಂಗಳು ಕೂರುತ್ತಾರೆ. "ಎಕ್ಸೆಲ್ ಕಡತವಾಗಿ" ಅಂತ ಬರೆಯದಿದ್ದರೆ ಪ್ರಿಂಟ್ ತೆಗೆದು, ಸೀಲು ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಬರುತ್ತದೆ. ನನಗೆ ಒಮ್ಮೆ ಹಾಗೇ 40 ಪುಟ ಬಂದಿತ್ತು, ಅರ್ಧ ಪುಟಗಳು ತಲೆಕೆಳಗಾಗಿ. ಕಳಿಸಿದವರಿಗೆ ಫೋನ್ ಮಾಡಿದರೆ, "ಸೀಲ್ ಇಲ್ಲದ ಹಾಳಿ ಹೆಂಗ ಕಳಸೂದ್ರಿ ಸರ?" ಅಂದರು. ಅವರ ಮಾತೂ ತಪ್ಪಲ್ಲ. ಸಹಿ ಸೀಲು ಇರುವ ಪತ್ರ ಬೇರೆ, ಅದರ ಜೊತೆಗೆ ಬರುವ ಕಡತ ಬೇರೆ ಅಂತ ನಾವೇ ಮೊದಲು ಹೇಳಬೇಕಿತ್ತು.

"ಕೊಡಲು ನಮಗೆ ಅಧಿಕಾರ ಇದೆಯಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ಸಿದ್ಧ ಇಟ್ಟುಕೊಳ್ಳಿ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಕಲಂ ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರ 17 ಬಾಬತ್ತಿನ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅದೇ 4ನೇ ಕಲಂ, ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ ಜಾಲದಲ್ಲಿ ಸಿಗುವಂತೆ ಮಾಡಿ ಅಂತಲೂ ಹೇಳುತ್ತದೆ. ಕೇಂದ್ರ ಸರ್ಕಾರ 2012ರಲ್ಲಿ ಡೇಟಾ ಹಂಚಿಕೆ ನೀತಿ ತಂದಿತು. ಎಲ್ಲರಿಗೂ ಮುಕ್ತ, ನೋಂದಾಯಿಸಿದವರಿಗೆ ಮಾತ್ರ, ನಿರ್ಬಂಧಿತ ಅಂತ ಅದರಲ್ಲಿ ಮೂರು ಬಗೆ. ನಮ್ಮ ರಾಜ್ಯಕ್ಕೂ ತನ್ನದೇ ಮುಕ್ತ ದತ್ತಾಂಶ ನೀತಿ ಇದೆ. ಯೋಜನೆಗಳ ಮಾಹಿತಿಗೆ 2021ರಿಂದ 'ಮಾಹಿತಿ ಕಣಜ' ಅನ್ನುವ ತಾಣವೂ ಇದೆ. ಅಂದಮೇಲೆ ಅಧಿಕಾರದ ಪ್ರಶ್ನೆ ಮುಗಿಯಿತು. ಉಳಿದದ್ದು ಅಭ್ಯಾಸದ ಪ್ರಶ್ನೆ.

ಹಂತ 4: ಒಂದು ಜಾಗಕ್ಕೆ ಒಂದು ನಂಬರು

ಇದೇ ನಿಜವಾದ ಕೆಲಸ. ಇದಕ್ಕೆ ಅರ್ಧ ಸಮಯ ಎತ್ತಿಡಿ.

ಮೂರು ಪಟ್ಟಿ ಬಂದಿವೆ ಅಂದುಕೊಳ್ಳಿ. ಒಂದರಲ್ಲಿ "ಚನ್ನಮ್ಮ ಸರ್ಕಲ್", ಇನ್ನೊಂದರಲ್ಲಿ "ಚೆನ್ನಮ್ಮ ವೃತ್ತ", ಮತ್ತೊಂದರಲ್ಲಿ "ಕಿತ್ತೂರು ರಾಣಿ ಚೆನ್ನಮ್ಮ ವೃತ್ತ". ಯಾವುದು ಸರಿ ಅಂತ ಜಗಳ ಮಾಡಬೇಡಿ. ಮೂರನ್ನೂ ಇಟ್ಟುಕೊಳ್ಳಿ, ಆದರೆ ಮೂರಕ್ಕೂ ಒಂದೇ ನಂಬರು ಕೊಡಿ. ಹೆಸರು ಜನರಿಗೆ, ನಂಬರು ಕಂಪ್ಯೂಟರಿಗೆ.

ನಂಬರು ಹೇಗಿರಬೇಕು? ಇಲ್ಲಿ ಬುದ್ಧಿವಂತರು ಒಂದು ತಪ್ಪು ಮಾಡುತ್ತಾರೆ. ವಾರ್ಡ್ ನಂಬರು, ವಲಯ, ರಸ್ತೆ ಎಲ್ಲ ಸೇರಿಸಿ ಒಂದು ಉದ್ದದ ಕೋಡ್ ಕಟ್ಟುತ್ತಾರೆ. ನೋಡಲು ಚೆಂದ. ಆದರೆ ಹುಬ್ಬಳ್ಳಿ-ಧಾರವಾಡ ಪಾಲಿಕೆಯಲ್ಲಿ 67 ಇದ್ದ ವಾರ್ಡುಗಳು 2021ರ ಚುನಾವಣೆ ಹೊತ್ತಿಗೆ 82 ಆದವು. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ವಾರ್ಡ್ ನಂಬರನ್ನು ಕೋಡಿನೊಳಗೆ ಹೊಲಿದಿಟ್ಟರೆ ಪ್ರತಿ ಸಲ ಎಲ್ಲ ಬಿಚ್ಚಿ ಮತ್ತೆ ಹೊಲಿಯಬೇಕು. ನಂಬರಿಗೆ ಅರ್ಥ ಇರಲೇಬಾರದು. 10001, 10002, 10003 ಅಂತ ಸಾಲಾಗಿ ಕೊಡುತ್ತಾ ಹೋಗಿ. ವಾರ್ಡು ಬೇಕಿದ್ದರೆ ಪಕ್ಕದ ಕಾಲಂನಲ್ಲಿ ಇರಲಿ. ಸೊನ್ನೆಯಿಂದ ಶುರು ಮಾಡಬೇಡಿ. 00147 ಅಂತ ಟೈಪ್ ಮಾಡಿದರೆ ಎಕ್ಸೆಲ್ ಮುಂದಿನ ಸೊನ್ನೆಗಳನ್ನು ನುಂಗಿ 147 ಮಾಡಿಬಿಡುತ್ತದೆ.

ನಿಲ್ದಾಣ ಮುಚ್ಚಿದರೆ ಅದರ ನಂಬರನ್ನು ಹೊಸದಕ್ಕೆ ಕೊಡಬೇಡಿ. ರಸ್ತೆಯ ಆ ಬದಿ, ಈ ಬದಿ ಎರಡು ನಂಬರು. ಧಾರವಾಡದ ಕಡೆ ಹೋಗುವವರು ನಿಲ್ಲುವ ಜಾಗವೇ ಬೇರೆ, ಹುಬ್ಬಳ್ಳಿ ಕಡೆ ಬರುವವರದೇ ಬೇರೆ, ಅಲ್ವಾ?

ಊರು, ತಾಲ್ಲೂಕು, ಗ್ರಾಮ ಪಂಚಾಯಿತಿಗಳಿಗೆ ನೀವೇ ನಂಬರು ಹುಟ್ಟಿಸಬೇಡಿ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ನಡೆಸುವ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ, ಎಲ್ಲರೂ ಎಲ್‌ಜಿಡಿ ಅನ್ನುವುದು, ದೇಶದ ಎಲ್ಲ ರಾಜ್ಯ, ಜಿಲ್ಲೆ, ಹಳ್ಳಿಗೆ ಕೋಡ್ ಕೊಟ್ಟಿದೆ. ಕರ್ನಾಟಕಕ್ಕೆ 29. ಅದನ್ನೇ ಬಳಸಿ. ಇದು ಎಷ್ಟು ಕೆಲಸ ಉಳಿಸುತ್ತದೆ ಅಂತ ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತಾಗಬೇಕು. 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಆದವು. 2014ರ ನವೆಂಬರ್ 1ರಂದು ಇಂಗ್ಲಿಷ್ ದಾಖಲೆಗಳ 'ಹುಬ್ಳಿ' ಅಧಿಕೃತವಾಗಿ ಹುಬ್ಬಳ್ಳಿ ಆಯಿತು. ಆಮೇಲೆ ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ ಹೊಸ ತಾಲ್ಲೂಕುಗಳಾದವು. 2011ರ ಜನಗಣತಿಯಲ್ಲಿ ಇವು ಯಾವುವೂ ತಾಲ್ಲೂಕಾಗಿ ಇಲ್ಲ. ಒಂದು ಇಲಾಖೆ ಅಣ್ಣಿಗೇರಿಯನ್ನು ಇನ್ನೂ ನವಲಗುಂದ ತಾಲ್ಲೂಕಿನ ಲೆಕ್ಕದಲ್ಲಿ ಇಟ್ಟಿದ್ದರೆ, ಇನ್ನೊಂದು ಬೇರೆ ಮಾಡಿದ್ದರೆ, ಎರಡೂ ಪಟ್ಟಿ ಕೂಡಿಸಿದಾಗ ಒಂದೇ ಹಳ್ಳಿ ಎರಡು ಸಲ ಎಣಿಕೆಗೆ ಬರುತ್ತದೆ. ಹಳ್ಳಿ ಮಟ್ಟದ ಕೋಡ್ ಇದ್ದರೆ ತಾಲ್ಲೂಕು ಯಾವುದಾದರೂ ಇರಲಿ, ಹಳ್ಳಿ ತಪ್ಪಿಸಿಕೊಳ್ಳುವುದಿಲ್ಲ.

ಹಂತ 5: ಕಾಲಂಗಳನ್ನು ಒಪ್ಪಿಕೊಳ್ಳಿ

ನಿಲ್ದಾಣದ ಪಟ್ಟಿಗೆ ಇಷ್ಟು ಸಾಕು: ನಂಬರು, ಕನ್ನಡ ಹೆಸರು, ಇಂಗ್ಲಿಷ್ ಹೆಸರು, ಬೇರೆ ಹೆಸರುಗಳು, ಯಾವ ಕಡೆಗೆ ಹೋಗುವ ಬಸ್ಸು, ಅಕ್ಷಾಂಶ, ರೇಖಾಂಶ, ತಂಗುದಾಣ ಇದೆಯೋ ಇಲ್ಲವೋ, ಯಾರ ಉಸ್ತುವಾರಿ, ಕೊನೆಯದಾಗಿ ಹೋಗಿ ನೋಡಿದ ದಿನಾಂಕ. ಹತ್ತು ಕಾಲಂ. ಹನ್ನೊಂದನೆಯದನ್ನು ಯಾರಾದರೂ ಸೇರಿಸಲು ಬಂದರೆ, ಅದನ್ನು ತುಂಬುವವರು ಯಾರು ಅಂತ ಕೇಳಿ. ಸಾಮಾನ್ಯವಾಗಿ ಅಲ್ಲಿಗೆ ಸುಮ್ಮನಾಗುತ್ತಾರೆ.

ಈಗ ಹಾಳೆ ತೆರೆದು ಸರಿಪಡಿಸುವ ಕೆಲಸ. ಮೇಲ್ಗಡೆ ಮೂರು ಸಾಲು ಕೂಡಿಸಿ ದೊಡ್ಡ ಅಕ್ಷರದಲ್ಲಿ ಬರೆದ ಶೀರ್ಷಿಕೆ ಇರುತ್ತದಲ್ಲ, ಅದನ್ನು ಮೊದಲು ಅಳಿಸಿ. ಮೊದಲ ಸಾಲಿನಲ್ಲಿ ಕಾಲಂ ಹೆಸರು, ಎರಡನೇ ಸಾಲಿನಿಂದ ಡೇಟಾ. ಮರ್ಜ್ ಮಾಡಿದ ಸೆಲ್ ಒಂದೂ ಇರಬಾರದು. ನಡುನಡುವೆ "ಒಟ್ಟು" ಸಾಲು ಬೇಡ. "ಮೇಲಿನಂತೆ" ಅಂತ ಬರೆದಿದ್ದರೆ ಮೇಲಿನದನ್ನೇ ಮತ್ತೆ ತುಂಬಿ. ಬಣ್ಣಕ್ಕೆ ಅರ್ಥ ಕೊಡಬೇಡಿ. ಕೆಂಪು ಬಣ್ಣದ ಸಾಲು ಅಂದರೆ ಮುಚ್ಚಿದ ನಿಲ್ದಾಣ ಅಂತ ನಿಮಗೆ ಗೊತ್ತು, ಆದರೆ ಕೊನೆಗೆ ಪ್ರಕಟಿಸುವುದು ಸಿಎಸ್‌ವಿ ಕಡತವನ್ನು, ಅಂದರೆ ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಸಾದಾ ಪಠ್ಯವನ್ನು. ಅದಕ್ಕೆ ಬಣ್ಣವೇ ಇಲ್ಲ.

ಕನ್ನಡ ಅಕ್ಷರ ಇನ್ನೊಂದು ಕಥೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹಾಳೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, 'ಕನ್ನಡ' ಅನ್ನುವ ಪದದ ನಡುವೆ ಬ್ರಿಟನ್ನಿನ ಪೌಂಡ್ ಗುರುತು ಬಂದು ಕೂತಿರುತ್ತದೆ. ಅದನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ಬದಲಿಸಲು ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ನೋಡಿ. ಅಲ್ಲೇ ಜಾಸ್ತಿ ತಪ್ಪು. ಉಳಿಸುವಾಗ "ಸಿಎಸ್‌ವಿ ಯುಟಿಎಫ್-8" ಅನ್ನುವ ಆಯ್ಕೆಯನ್ನೇ ಒತ್ತಿ. ಬರೀ "ಸಿಎಸ್‌ವಿ" ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿ ಹೋಗುತ್ತದೆ.

ದಿನಾಂಕವನ್ನು 2025-04-03 ಅಂತ, ವರ್ಷ ಮೊದಲು ಬರೆಯಿರಿ. 03/04 ಅಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಅಂತ ಮುಂದೆ ಯಾರೂ ತಲೆ ಕೆರೆದುಕೊಳ್ಳಬಾರದು. ಕಂದಾಯದವರಿಗೆ ಇನ್ನೊಂದು ಎಚ್ಚರಿಕೆ: ಸರ್ವೆ ನಂಬರ್ 10/2 ಅಂತ ಎಕ್ಸೆಲ್‌ನಲ್ಲಿ ಬರೆದರೆ ಅದು ತಾರೀಖು ಅಂದುಕೊಂಡು ಬದಲಿಸಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಡಿ.

ಅಕ್ಷಾಂಶ ರೇಖಾಂಶದಲ್ಲಿ ದಶಾಂಶದ ನಂತರ ಐದು ಅಂಕಿ ಬೇಕು. ಐದಾದರೆ ಸುಮಾರು ಒಂದು ಮೀಟರಿನಷ್ಟು ನಿಖರ. ನಾಲ್ಕಾದರೆ ಹನ್ನೊಂದು ಮೀಟರ್, ಅಂದರೆ ನಿಲ್ದಾಣ ರಸ್ತೆಯ ಆ ಬದಿಗೆ ಹಾರಬಹುದು. ಹುಬ್ಬಳ್ಳಿಯ ಅಕ್ಷಾಂಶ 15.3ರ ಆಸುಪಾಸು, ರೇಖಾಂಶ 75.1ರ ಆಸುಪಾಸು. ಇವೆರಡು ಅದಲು ಬದಲಾದರೆ ನಿಮ್ಮ ನಿಲ್ದಾಣ ನಾರ್ವೆಯ ಉತ್ತರಕ್ಕೆ, ಹಿಮದ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ನಗಬೇಡಿ, ನಾನೇ ಬೀಳಿಸಿದ್ದೇನೆ. ಒಮ್ಮೆ ನಕ್ಷೆಯ ಮೇಲೆ ಹಾಕಿ ನೋಡಿದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಹಂತ 6: ಪ್ರತಿ ಕಾಲಂಗೂ ಅರ್ಥ ಬರೆದಿಡಿ

ಕಡತದ ಜೊತೆ ಒಂದು ಪುಟದ ವಿವರಣೆ ಇರಲಿ. ಇದು ಔಪಚಾರಿಕತೆ ಅಲ್ಲ. ಎರಡು ಉದಾಹರಣೆ ಹೇಳುತ್ತೇನೆ, ಬಸ್ಸಿನದಲ್ಲ.

ಬೆಣ್ಣಿಹಳ್ಳ ಉಕ್ಕಿ ನವಲಗುಂದದ ಕಡೆ ಹೊಲಗಳಿಗೆ ನೀರು ನುಗ್ಗಿದಾಗ ಎಲ್ಲರೂ ಮಳೆ ಲೆಕ್ಕ ಹುಡುಕುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನದ ಮಳೆ ಅಂದರೆ ಹಿಂದಿನ ದಿನ ಬೆಳಿಗ್ಗೆ 8.30ರಿಂದ ಆ ದಿನ ಬೆಳಿಗ್ಗೆ 8.30ರವರೆಗೆ. ಜುಲೈ 4ರ ರಾತ್ರಿ ಸುರಿದದ್ದು ಜುಲೈ 5ರ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಕಚೇರಿ ನಡುರಾತ್ರಿಯಿಂದ ನಡುರಾತ್ರಿಗೆ ಎಣಿಸಿದ್ದರೆ ಎರಡೂ ಅಂಕಿ ಸರಿ, ಆದರೆ ಒಂದಕ್ಕೊಂದು ತಾಳೆ ಆಗುವುದಿಲ್ಲ. ವಿವರಣೆ ಇಲ್ಲದಿದ್ದರೆ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಸುದ್ದಿ ಆಗುತ್ತದೆ.

ಹೊಲದ ಅಳತೆ ಇನ್ನೂ ಮಜಾ. ಪಹಣಿಯಲ್ಲಿ 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಎರಡೂವರೆ ಎಕರೆ. ರೈತರಿಗೆ ಹೇಳಿಕೊಡಬೇಕಿಲ್ಲ. ಆದರೆ ಬೆಂಗಳೂರಿನಲ್ಲಿ ಕೂತ ಹುಡುಗ ಅದನ್ನು ದಶಾಂಶ ಅಂತ ಓದಿ, ಸಾವಿರ ಹೊಲ ಕೂಡಿಸಿ, ಹೆಕ್ಟೇರಿಗೆ ಬದಲಿಸಿ ಕೊಟ್ಟರೆ? ತಪ್ಪು ಅವನದಲ್ಲ, ವಿವರಣೆ ಬರೆಯದವರದು. ಎಕರೆ ಒಂದು ಕಾಲಂ, ಗುಂಟೆ ಒಂದು ಕಾಲಂ ಮಾಡಿಬಿಡಿ.

ಹಂತ 7: ಏನು ಕೊಡಬಾರದು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಜನರ ಹೆಸರು, ಫೋನು, ಆಧಾರ್, ಮನೆ ವಿಳಾಸ ಹೊರಗೆ ಹೋಗಬಾರದು. ಪಾಸ್ ಪಡೆದ ವಿದ್ಯಾರ್ಥಿಗಳ ಪಟ್ಟಿ ಬೇಡ, ಎಷ್ಟು ಪಾಸ್ ಕೊಟ್ಟಿದ್ದೀರಿ ಅನ್ನುವ ಎಣಿಕೆ ಸಾಕು. ಎಣಿಕೆಯಲ್ಲೂ ಹುಷಾರು. ಒಂದು ಸಣ್ಣ ಹಳ್ಳಿಯಲ್ಲಿ ಅಂಗವಿಕಲರ ಪಾಸ್ 1 ಅಂತ ಬರೆದರೆ ಆ ಒಬ್ಬರು ಯಾರು ಅಂತ ಊರಿಗೇ ಗೊತ್ತಾಗುತ್ತದೆ. ಅಂಥಲ್ಲಿ "5ಕ್ಕಿಂತ ಕಡಿಮೆ" ಅಂತ ಬರೆಯಿರಿ.

ಹಾಗಂತ ಇದನ್ನೇ ನೆಪ ಮಾಡಿಕೊಂಡು ಎಲ್ಲಕ್ಕೂ ಬೀಗ ಹಾಕಬೇಡಿ. ಬಸ್ ನಿಲ್ದಾಣಕ್ಕೆ ಖಾಸಗಿತನ ಇಲ್ಲ.

ಹಂತ 8: ಪ್ರಕಟಿಸಿ

ಇದು ಚಿಕ್ಕ ಹಂತ. ಸಿಎಸ್‌ವಿ ಕಡತವನ್ನು ಕಚೇರಿಯ ತಾಣದಲ್ಲಿ ಹಾಕಿ. ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ನಡೆಸುವ ಕೇಂದ್ರದ ಮುಕ್ತ ದತ್ತಾಂಶ ತಾಣದಲ್ಲೂ ಹಾಕಿಸಿ. ಪರವಾನಗಿ ಒಂದು ಸಾಲು ಬರೆಯಿರಿ. 2017ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ ತಂದಿದೆ. ಮೂಲ ಯಾವುದು ಅಂತ ಹೇಳಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಅನ್ನುತ್ತದೆ ಅದು. ಈ ಸಾಲು ಇಲ್ಲದಿದ್ದರೆ ಡೇಟಾ ಕಣ್ಣಿಗೆ ಕಾಣುತ್ತದೆ, ಕೈಗೆ ತಗೊಳ್ಳಲು ಜನ ಹೆದರುತ್ತಾರೆ.

ಬಸ್ಸಿನ ವೇಳಾಪಟ್ಟಿಯೂ ಸೇರಿದರೆ ಜಿಟಿಎಫ್‌ಎಸ್ ಅನ್ನುವ ರೂಪ ಬಳಸಿ. ನಿಲ್ದಾಣ, ಮಾರ್ಗ, ಟ್ರಿಪ್, ಸಮಯ ಹೀಗೆ ಕೆಲವು ಸಾದಾ ಪಠ್ಯ ಕಡತಗಳನ್ನು ಒಂದು ಜಿಪ್‌ನಲ್ಲಿ ಕಟ್ಟಿದ್ದು ಅಷ್ಟೇ. ಫೋನಿನ ನಕ್ಷೆ ಆಪ್‌ಗಳು ಓದುವುದು ಇದನ್ನೇ. ಕನ್ನಡ, ಇಂಗ್ಲಿಷ್ ಎರಡೂ ಹೆಸರು ಕೊಡಲು ಅದರಲ್ಲಿ ಜಾಗ ಇದೆ. ನಡುರಾತ್ರಿ ದಾಟಿ 1.10ಕ್ಕೆ ಬರುವ ಬಸ್ಸನ್ನು ಅದರಲ್ಲಿ 25:10:00 ಅಂತ ಬರೆಯಬೇಕು. ಮೊದಲ ಸಲ ನೋಡಿದವರು ತಪ್ಪು ಅಂದುಕೊಂಡು ತಿದ್ದಿಬಿಡುತ್ತಾರೆ, ತಿದ್ದಬೇಡಿ. ದೆಹಲಿಯ ಸಾರಿಗೆ ಇಲಾಖೆ 2018ರಲ್ಲಿ ಐಐಐಟಿ ದೆಹಲಿ ಜೊತೆ ಸೇರಿ ಬಸ್ ಡೇಟಾವನ್ನು ಹೀಗೇ ಹೊರಗಿಟ್ಟಿತು. ನಮ್ಮಲ್ಲೂ ಐಐಐಟಿ ಧಾರವಾಡ, ಐಐಟಿ ಧಾರವಾಡ ಎರಡೂ ಕೂಗಳತೆಯಲ್ಲೇ ಇವೆ. ಆ ಹುಡುಗ ಹುಡುಗಿಯರಿಗೂ ಒಂದು ಒಳ್ಳೆ ಪ್ರಾಜೆಕ್ಟ್ ಬೇಕಲ್ಲ.

ಹಂತ 9: ಉಸ್ತುವಾರಿ ಯಾರದು?

ಡೇಟಾ ಹಾಲಿದ್ದಂತೆ, ಇಟ್ಟಲ್ಲೇ ಕೆಡುತ್ತದೆ. ಪ್ರತಿ ಕಚೇರಿಯಿಂದ ಒಂದು ಹುದ್ದೆಯನ್ನು ಗೊತ್ತು ಮಾಡಿ. ಹುದ್ದೆ ಅಂದೆ, ವ್ಯಕ್ತಿಯ ಹೆಸರಲ್ಲ. ಅವರು ವರ್ಗ ಆದರೂ ಕುರ್ಚಿ ಅಲ್ಲೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಒಂದು ಗಂಟೆ ಕೂರಿ. ಹೊಸ ನಿಲ್ದಾಣ ಯಾವುದು, ಮುಚ್ಚಿದ್ದು ಯಾವುದು, ಜನ ಹೇಳಿದ ತಪ್ಪು ಯಾವುದು ಅಷ್ಟೇ ಅಜೆಂಡಾ. ತಪ್ಪು ತಿಳಿಸಲು ಒಂದು ಇಮೇಲ್ ಕೊಡಿ, ಬಂದ ತಪ್ಪನ್ನು ತಿದ್ದಿದ ಮೇಲೆ ತಿಳಿಸಿದವರಿಗೆ ಉತ್ತರ ಕೊಡಿ. ಹಳೆಯ ಕಡತ ಅಳಿಸಬೇಡಿ, ದಿನಾಂಕ ಹಾಕಿ ಪಕ್ಕದಲ್ಲಿಡಿ.

ವರ್ಷಕ್ಕೊಮ್ಮೆ ಕಾಲಿಗೆ ಕೆಲಸ ಕೊಡಿ. ಉಣಕಲ್‌ನಿಂದ ಹೊಸೂರಿನವರೆಗೆ ಇಬ್ಬರು ಪಟ್ಟಿ ಹಿಡಿದು ನಡೆದರೆ ಕಚೇರಿಯಲ್ಲಿ ಕೂತು ಗೊತ್ತಾಗದ್ದು ಗೊತ್ತಾಗುತ್ತದೆ. ತಂಗುದಾಣ "ಇದೆ" ಅಂತ ಬರೆದ ಕಡೆ ಗಿರ್ಮಿಟ್ ಗಾಡಿ ನಿಂತಿರುತ್ತದೆ. ಜನ ನಿಲ್ಲುವುದು ಅದರಿಂದ ಐವತ್ತು ಹೆಜ್ಜೆ ಆಚೆ, ಬೇವಿನ ಮರದ ಕೆಳಗೆ. ಬಸ್ಸೂ ಅಲ್ಲೇ ನಿಲ್ಲುತ್ತದೆ. ಪಟ್ಟಿಯಲ್ಲಿ ಬರೆಯಬೇಕಾದ್ದು ಮರದ ಜಾಗವನ್ನು.

ಕಚೇರಿ ಹೊರಗಿನವರು ಏನು ಮಾಡಬಹುದು

ಕಾಯುವುದೊಂದೇ ದಾರಿ ಅಲ್ಲ. ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೇರಿರಬೇಕು. "ನಿಲ್ದಾಣಗಳ ಪಟ್ಟಿಯನ್ನು ನಿಮ್ಮ ಕಂಪ್ಯೂಟರಿನಲ್ಲಿರುವ ಎಕ್ಸೆಲ್ ರೂಪದಲ್ಲೇ ಕೊಡಿ" ಅಂತ ಸ್ಪಷ್ಟವಾಗಿ ಬರೆಯಿರಿ. ಕೇಳಿದ ರೂಪದಲ್ಲೇ ಮಾಹಿತಿ ಕೊಡುವುದು ಸಾಮಾನ್ಯ ನಿಯಮ ಅಂತ ಕಾಯ್ದೆಯ 7(9) ಕಲಂ ಹೇಳುತ್ತದೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಇರುವ ದಾಖಲೆ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಆಮೇಲಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಅರ್ಜಿಯನ್ನೂ ಶುಲ್ಕಕ್ಕೆ ಕೊಡುವ ಪೋಸ್ಟಲ್ ಆರ್ಡರನ್ನೂ ಕೊಡುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮೇಲ್ಮನವಿಗೆ ಮೊದಲು ಕೇಳುವುದು ಅದನ್ನೇ.